ಲೆಸ್ಟರ್‌ನ ಕತೆಗಾರರಿಗೊಂದು ಉತ್ತರ

ನಿಮ್ಮ ಕತೆ ಓದಿದೆ. ಪಕ್ಕದ ಮನೆಯ ಗುಜರಾತಿ ಅಜ್ಜಿ 1972ರಲ್ಲಿ ಉಗಾಂಡಾದ ಕಂಪಾಲಾ ಬಿಟ್ಟು ಇಂಗ್ಲೆಂಡಿನ ಲೆಸ್ಟರ್‌ಗೆ ಬಂದದ್ದು, ಈಗ ಮೊಮ್ಮಗಳಿಗೆ ಗುಜರಾತಿಯೇ ಬಾರದ್ದು: ವಸ್ತು ಒಳ್ಳೆಯದು, ಭಾಷೆಯೂ ಸರಾಗ. ಇನ್ನು ಜಗಳಕ್ಕೆ ಬರುತ್ತೇನೆ.

'ಬೀಳುವ ಹಿಮವನ್ನು ನೋಡುತ್ತ ಅಜ್ಜಿ ತನ್ನ ಬೇರುಗಳು ಯಾವ ನೆಲದಲ್ಲಿವೆ ಎಂದು ಯೋಚಿಸಿದಳು.' ಯಾವ ಅಜ್ಜಿಯೂ ಹೀಗೆ ಯೋಚಿಸುವುದಿಲ್ಲ ಮಾರಾಯರೆ! ಹೊಸಿಯರಿ ಕಾರ್ಖಾನೆಯಲ್ಲಿ ದುಡಿದು ಬಂದವಳಿಗೆ ಗ್ಯಾಸ್ ಮೀಟರಿನ ಚಿಂತೆ. ಮುಂದಿನ ಸಾಲಿಗೆ 'ಅಸ್ಮಿತೆ', ಅದರ ಬೆನ್ನಿಗೇ 'ಪರಕೀಯತೆ'. ಇವು ವಿಚಾರಸಂಕಿರಣದ ಆಹ್ವಾನಪತ್ರಿಕೆಯಲ್ಲಿರಲಿ. ಇಂಗ್ಲೆಂಡಿನಿಂದ ಬರುವ ಕತೆಗಳಲ್ಲೆಲ್ಲ ಈ ಹಿಮ ಬೇರೆ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಈ ಸಾಲಿಗೆ: 'ಊರು ಅವರನ್ನು ಸ್ವಾಗತಿಸಲಿಲ್ಲ.' ಇಷ್ಟೇನಾ? ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ ದೇಶ ಬಿಡಲು ಕೊಟ್ಟದ್ದು 90 ದಿನದ ಗಡುವು. ಅದು ಮುಗಿಯುವ ಮೊದಲೇ, ಸೆಪ್ಟೆಂಬರಿನಲ್ಲಿ, ಲೆಸ್ಟರ್ ನಗರಸಭೆ 'ಉಗಾಂಡಾ ಆರ್ಗಸ್' ಪತ್ರಿಕೆಗೆ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿತ್ತು: ಮನೆಗಳಿಲ್ಲ, ಶಾಲೆಗಳು ತುಂಬಿವೆ, ನಮ್ಮೂರಿಗೆ ಬರಬೇಡಿ ಅಂತ. ಅಜ್ಜಿಯ ಗಂಡ ಅದನ್ನು ಓದಿದನೆ? ಓದಿ ಏನಂದ? ಬೇಡ ಅಂದ ಊರಿಗೇ ಯಾಕೆ ಹೊರಟರು? ನಿಮ್ಮ ಕತೆ ಇರುವುದೇ ಅಲ್ಲಿ. ನೀವು ಅದನ್ನು ದಾಟಿಕೊಂಡು ಕಿಟಕಿಯ ಹತ್ತಿರ ಹೋಗಿ ಕೂತಿದ್ದೀರಿ.

'ಕಾರ್ಖಾನೆಯಲ್ಲಿ ತಾರತಮ್ಯವಿತ್ತು' ಅನ್ನುವುದೂ ಅದೇ ಜಾತಿ. ಯಾವ ಕಾರ್ಖಾನೆ? ನಿಮ್ಮೂರಿನ ಇಂಪೀರಿಯಲ್ ಟೈಪ್‌ರೈಟರ್ಸ್‌ನಲ್ಲಿ 1974ರಲ್ಲಿ ಏಷ್ಯನ್ ಕೆಲಸಗಾರರು ಮುಷ್ಕರ ಹೂಡಿದರು. ತಯಾರಿಕೆ 168 ಯಂತ್ರ ದಾಟಿದರೆ ಸಿಗಬೇಕಾದ ಬೋನಸ್ಸು 200 ದಾಟಿದ ಮೇಲೆ ಸಿಗುತ್ತಿದೆ ಅನ್ನುವುದು ಅವರ ದೂರುಗಳಲ್ಲಿ ಒಂದು. ಅವರದೇ ಯೂನಿಯನ್ ಬೆನ್ನಿಗೆ ನಿಲ್ಲಲಿಲ್ಲ. ಅಜ್ಜಿ ಅವತ್ತು ಗೇಟಿನ ಒಳಗಿದ್ದಳೋ ಹೊರಗೋ?

ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದಲು ಸೇರಿದ ಕಾಲದಲ್ಲಿ ಅಲ್ಲಿನ ಸಂಪಾದಕರು ಕೆಂಪು ಪೆನ್ನನ್ನೇ ಮುಟ್ಟುತ್ತಿರಲಿಲ್ಲ. 'ರೈತರ ಬವಣೆ' ಅಂತ ಬರೆದುಕೊಂಡು ಬಂದವನನ್ನು, 'ಹುಲ್ಲಿನ ಹೊರೆ ಎಷ್ಟಕ್ಕಿದೆಯಯ್ಯಾ?' ಎಂದು ಕೇಳುವರು. ಗೊತ್ತಿಲ್ಲ ಅಂದರೆ ಹಾಳೆ ವಾಪಸ್. ಬಯ್ದುಕೊಳ್ಳುತ್ತಲೇ ಸಂತೆಗೆ ಹೋಗುತ್ತಿದ್ದೆವು. ಬಸ್ ಚಾರ್ಜನ್ನು ಮಾತ್ರ ಅವರು ತಮ್ಮ ಜೇಬಿನಿಂದಲೇ ಕೊಡುತ್ತಿದ್ದರು, ಅದನ್ನು ಹೇಳಲೇಬೇಕು.

ಅಜ್ಜಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ ಎಂದು ಬರೆದಿದ್ದೀರಲ್ಲ, ಹೋಗಿ ಕೇಳಿ. ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಮೈಮೇಲೆ ಕೋಟು ಇತ್ತೇ, ಯಾರದು, ಅಳತೆ ಸರಿಯಿತ್ತೇ? ಬೆಲ್‌ಗ್ರೇವ್ ರಸ್ತೆಯಲ್ಲಿ ಮೊದಲು ಕೊಂಡದ್ದು ಏನು? ಮೊಮ್ಮಗಳ ಭಾಗವನ್ನು ಸದ್ಯಕ್ಕೆ ಮುಟ್ಟಬೇಡಿ. ತಿದ್ದಿದ ಪ್ರತಿ ಆಗಸ್ಟ್ ಕೊನೆಯೊಳಗೆ ಬಂದರೆ ದೀಪಾವಳಿ ಸಂಚಿಕೆಗೆ ನೋಡೋಣ.