ಮನೇಲಿ ಮಾಡಿದ ಮೋಟಾರು ತಿರುಗ್ತಿಲ್ಲ, ಏನ್ ಮಾಡೋದು?

ಪ್ರಶ್ನೆ: ಸರ್, ಮಗಳ ಸೈನ್ಸ್ ಪ್ರಾಜೆಕ್ಟಿಗೆ 1.5 ವೋಲ್ಟಿನ ಒಂದು ಸೆಲ್ಲು, ಎರಡು ಸೇಫ್ಟಿ ಪಿನ್ನು, ಮ್ಯಾಗ್ನೆಟ್ಟು, ಇನಾಮಲ್ (ಕರೆಂಟ್ ದಾಟದ ತೆಳು ಲೇಪ) ಹಚ್ಚಿದ ತಾಮ್ರದ ವೈರು ಇಟ್ಕೊಂಡು ಮೋಟಾರ್ ಮಾಡಿದ್ವಿ. ವೈರಿನ ಎರಡೂ ತುದಿ ಪೂರ್ತಿ ಕೆರೆದಿದೀವಿ, ಆದ್ರೂ ಕಾಯಿಲ್ (ವೈರಿನ ಸುರುಳಿ) ಸ್ವಲ್ಪ ಅಲ್ಲಾಡಿ ನಿಂತ್ಬಿಡತ್ತೆ, ಸೆಲ್ ಬೇರೆ ಬಿಸಿ ಆಗತ್ತೆ.

ಉತ್ತರ: ಎರಡೂ ತುದಿ ಪೂರ್ತಿ ಕೆರೆದಿರೋದೇ ತೊಂದರೆ ಅನ್ಸತ್ತೆ. ಹಾಗೆ ಮಾಡಿದ್ರೆ ಕಾಯಿಲಲ್ಲಿ ಕರೆಂಟ್ ಸದಾ ಹರೀತಾನೇ ಇರತ್ತೆ, ಮೊದಲ ಅರ್ಧ ಸುತ್ತಲ್ಲಿ ಮುಂದಕ್ಕೆ ತಳ್ಳಿದ್ದನ್ನ ಇನ್ನರ್ಧದಲ್ಲಿ ಹಿಂದಕ್ಕೆ ಎಳೆಯತ್ತೆ, ಹಾಗಾಗಿ ನಿಂತ್ಹೋಗತ್ತೆ. ಒಂದು ತುದಿ ಪೂರ್ತಿ ಕೆರೆದಿರಲಿ, ಇನ್ನೊಂದರಲ್ಲಿ ಕಾಯಿಲನ್ನ ನೆಟ್ಟಗೆ ನಿಲ್ಲಿಸಿದಾಗ ಮೇಲೆ ಬರೋ ಅರ್ಧ ಮಾತ್ರ ತಾಮ್ರ ಕಾಣಬೇಕು, ಕೆಳಗಿನ ಅರ್ಧಕ್ಕೆ ನೇಲ್ ಪಾಲಿಶ್ ಹಚ್ಚಿ ಚೆನ್ನಾಗಿ ಒಣಗಿಸಿ, ಹೊಸ ವೈರ್ ಸುತ್ತೋದೇನೂ ಬೇಡ. ಆಗ ಅರ್ಧ ಸುತ್ತು ಕರೆಂಟ್ ಕಟ್ ಆಗಿ ಕಾಯಿಲ್ ತನ್ನ ವೇಗದಲ್ಲೇ ಮುಂದೆ ಹೋಗತ್ತೆ. ಕಮ್ಯುಟೇಟರ್ (ಕಾಯಿಲ್ ಜೊತೆ ತಿರುಗೋ ಸ್ವಿಚ್ಚಿನಂಥ ಭಾಗ) ಇರೋ ದೊಡ್ಡ ಮೋಟಾರಲ್ಲಿ ಅದು ಕರೆಂಟಿನ ದಿಕ್ಕನ್ನೇ ತಿರುಗಿಸತ್ತೆ, ಇಲ್ಲಿ ನಾವು ಬರೀ ನಿಲ್ಲಿಸ್ತೀವಿ ಅಷ್ಟೇ.

ಎರಡು ತುದಿನೂ ಒಂದೇ ಗೆರೇಲಿ, ಕಾಯಿಲಿನ ನಡುವಿಗೆ ಸರಿಯಾಗಿ ಇದಾವಾ ನೋಡಿ. ಸೆಲ್ ತೆಗೆದು ತಿರುಗಿಸಿದಾಗ ಪ್ರತಿ ಸಲ ಅದೇ ಬದಿ ಕೆಳಗೆ ಬಂದ್ರೆ ಆ ಕಡೆ ಭಾರ ಜಾಸ್ತಿ ಅಂತ. ಶುರುಗೆ ಬೆರಳಲ್ಲಿ ಮೆಲ್ಲಗೆ ತಳ್ಳಿ. ಕಾಯಿಲ್ ನಿಂತಾಗ ಸೆಲ್ ಹಾಗೇ ಬಿಡ್ಬೇಡಿ, ಶಾರ್ಟ್ ಆದ ಹಾಗೆ ಕರೆಂಟ್ ಹರಿದು ಕೈ ಸುಡತ್ತೆ, ಮಗೂಗೂ ಹೇಳಿ.