ವೆನಿಸ್‌ಗೆ ಅರ್ಧ ದಿನ ಸಾಕೇ?

ಪ್ರಶ್ನೆ: ನಾವು ಮೈಸೂರಿನ ನಿವೃತ್ತ ದಂಪತಿ. ಮೊದಲ ಸಲ ಯುರೋಪಿಗೆ ಹೊರಟಿದ್ದೇವೆ. ಪ್ಯಾರಿಸ್‌ನಿಂದ ರೋಮ್‌ವರೆಗೆ ಹನ್ನೊಂದು ದಿನಗಳಲ್ಲಿ ಒಂಬತ್ತು ಊರು ತೋರಿಸುವ ಪ್ಯಾಕೇಜ್ ನೋಡಿದ್ದೇವೆ. ಅದರಲ್ಲಿ ವೆನಿಸ್‌ಗೆ ಅರ್ಧ ದಿನ. ನನ್ನ ಹೆಂಡತಿಗೆ ಆ ಊರು ನೋಡುವ ಆಸೆ ಚಿಕ್ಕಂದಿನಿಂದ ಇದೆ. ಹೋಗಿಬಂದವರು ಮಾತ್ರ ಬರೀ ಜನಜಂಗುಳಿ, ಕಾಲುವೆ ನಾರುತ್ತದೆ ಎನ್ನುತ್ತಾರೆ. ಅರ್ಧ ದಿನ ಸಾಕೇ? ಇಬ್ಬರಿಗೂ ಮಂಡಿ ನೋವಿದೆ.

ಉತ್ತರ: ಸಾಲದು. ಹಾಗೆ ಹೋಗಿಬಂದವರು ಹೇಳಿದ್ದೂ ಸುಳ್ಳಲ್ಲ. ಪ್ಯಾಕೇಜ್ ಬಸ್ಸುಗಳು ಬಂದು ಸೇರುವುದು ಬೆಳಿಗ್ಗೆ ಹತ್ತರ ಸುಮಾರಿಗೆ. ಸಂತ ಮಾರ್ಕನ ಚೌಕ, ಗಾಜಿನ ಕಾರ್ಖಾನೆ, ರಿಯಾಲ್ಟೊ ಸೇತುವೆಯ ಮೇಲೊಂದು ಫೋಟೊ, ಮತ್ತೆ ಬಸ್ಸು. ಎಲ್ಲರೂ ಅದೇ ಹೊತ್ತಿನಲ್ಲಿ ಅದೇ ನಾಲ್ಕು ಓಣಿಗಳಲ್ಲಿ ನುಗ್ಗುತ್ತಾರೆ. ಸಂಜೆ ಆರು ದಾಟಿದರೆ ಬಹುಪಾಲು ಜನ ಊರು ಬಿಟ್ಟಿರುತ್ತಾರೆ. ಹಳೆಯ ದ್ವೀಪನಗರದ ಕಾಯಂ ನಿವಾಸಿಗಳು ಈಗ ಐವತ್ತು ಸಾವಿರಕ್ಕೂ ಕಡಿಮೆ. ಅಲ್ಲಿ ರಾತ್ರಿ ಉಳಿದವರಿಗೆ ಸಿಗುವ ವೆನಿಸ್ಸೇ ಬೇರೆ.

ಆದ್ದರಿಂದ ಒಂಬತ್ತು ಊರುಗಳ ಪಟ್ಟಿಯಲ್ಲಿ ಆರನ್ನು ಹೊಡೆದುಹಾಕಿ. ವೆನಿಸ್, ಫ್ಲಾರೆನ್ಸ್, ರೋಮ್ ಉಳಿಸಿಕೊಳ್ಳಿ. ವೆನಿಸ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ, ಅಲ್ಲಿಂದ ರೋಮ್‌ಗೆ ಒಂದೂವರೆ ಗಂಟೆ. ಪ್ಯಾರಿಸ್ ತಪ್ಪಿತಲ್ಲ ಎಂದು ನೆಂಟರು ಕನಿಕರಪಟ್ಟರೆ ಪಡಲಿ.

ವೆನಿಸ್‌ನಲ್ಲಿ ಮೂರು ರಾತ್ರಿ ಇರಿ. ಹೋಟೆಲು ದ್ವೀಪದ ಒಳಗೇ ಇರಬೇಕು. ಬಾಡಿಗೆ ಕಡಿಮೆ ಎಂದು ಪ್ಯಾಕೇಜಿನವರು ಇಳಿಸುವ ಮೆಸ್ತ್ರೆ ಇರುವುದು ದ್ವೀಪದಲ್ಲಲ್ಲ, ಈಚೆ ದಡದ ಮುಖ್ಯಭೂಮಿಯಲ್ಲಿ. ಅಲ್ಲಿ ತಂಗಿದರೆ ನೀವೂ ಹಗಲಿನ ಗುಂಪಿಗೇ ಸೇರಿದಂತೆ. ಹಗಲು ಬಂದುಹೋಗುವವರಿಂದ 2024ರಿಂದೀಚೆಗೆ ಜನ ಹೆಚ್ಚುವ ಕೆಲವು ದಿನಗಳಲ್ಲಿ ಪ್ರವೇಶ ಶುಲ್ಕವನ್ನೂ ವಸೂಲು ಮಾಡುತ್ತಿದ್ದಾರೆ. ರಾತ್ರಿ ತಂಗುವವರಿಗೆ, ಮೆಸ್ತ್ರೆಯಲ್ಲಾದರೂ ಸರಿ, ಅದಿಲ್ಲ.

ಇನ್ನು ಮಂಡಿಯ ವಿಚಾರ. ವೆನಿಸ್‌ನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಬಹುತೇಕ ಎಲ್ಲಕ್ಕೂ ಮೆಟ್ಟಿಲುಗಳು. ಕಾರಿಲ್ಲ, ಆಟೋ ಇಲ್ಲ, ಸೈಕಲ್ಲೂ ಇಲ್ಲ. ಚಕ್ರದ ದೊಡ್ಡ ಸೂಟ್‌ಕೇಸನ್ನು ಪ್ರತಿ ಸೇತುವೆಯಲ್ಲೂ ಎತ್ತಿ ಇಳಿಸುವವರ ಮುಖ ನೋಡಿದರೆ ಸಾಕು, ನೀವು ತಂದ ಸೀರೆ ಕೋಟುಗಳಲ್ಲಿ ಅರ್ಧ ಬೇಡವಿತ್ತು ಅನಿಸುತ್ತದೆ. ಹೋಟೆಲು ಹುಡುಕುವಾಗ ನಕ್ಷೆ ಬಿಡಿಸಿ, ದೋಣಿ ನಿಲ್ದಾಣದಿಂದ ಬಾಗಿಲಿನವರೆಗೆ ನಡುವೆ ಸೇತುವೆ ಇದೆಯೇ ಎಂದು ನೋಡಿಕೊಳ್ಳಿ. ಲಿಫ್ಟ್ ಇದೆಯೇ ಎಂದು ಕೇಳಲು ಮರೆಯಬೇಡಿ. ಹಳೆಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ. ಕನ್ನರೆಜೊ, ದೊರ್ಸೊದುರೊ ಬಡಾವಣೆಗಳು ತಕ್ಕಮಟ್ಟಿಗೆ ಶಾಂತ.

ನಡೆಯಲಾಗದಿದ್ದರೂ ಚಿಂತೆಯಿಲ್ಲ, ಅಲ್ಲಿನ ಸಿಟಿ ಬಸ್ಸೇ ದೋಣಿ. ಅದರ ಹೆಸರು ವಾಪೊರೆಟ್ಟೊ. ಸಾಂತಾ ಲೂಚಿಯಾ ರೈಲು ನಿಲ್ದಾಣದ ಮೆಟ್ಟಿಲಿಳಿದರೆ ಎದುರಿಗೇ ಮಹಾಕಾಲುವೆ. ಒಂದನೇ ನಂಬರಿನ ದೋಣಿ ಹತ್ತಿ ಕುಳಿತರೆ ಮುಕ್ಕಾಲು ಗಂಟೆಯಲ್ಲಿ ಸಂತ ಮಾರ್ಕನ ಚೌಕ ಬರುತ್ತದೆ. ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಈ ಕಾಲುವೆಯ ಎರಡು ದಡಗಳ ಅರಮನೆಗಳಿಗೂ ಮುಂಬಾಗಿಲು ನೀರಿನ ಕಡೆಗೆ. ವ್ಯಾಪಾರಿಗಳ ಸರಕು ಇಳಿಯುತ್ತಿದ್ದದ್ದೂ ಅತಿಥಿಗಳು ಬರುತ್ತಿದ್ದದ್ದೂ ಅಲ್ಲಿಂದಲೇ. ಓಣಿಯಲ್ಲಿ ನಡೆಯುವವರಿಗೆ ಕಾಣುವುದು ಬೆನ್ನಿನ ಗೋಡೆ, ದೋಣಿಯಲ್ಲಿ ಕುಳಿತವರಿಗೆ ಕಾಣುವುದು ಮುಖ. ಬಾಗಿಲಿನ ಕೆಳಗಿನ ಮೆಟ್ಟಿಲುಗಳನ್ನು ಗಮನಿಸಿ: ಭರತದ ನೀರು ಮುಟ್ಟುವಷ್ಟೂ ಹಸಿರು ಪಾಚಿ, ಅದರಿಂದ ಮೇಲಕ್ಕೆ ಬಿಳಿ ಕಲ್ಲು. ಇದೇ ದೋಣಿಯಲ್ಲಿ ರಾತ್ರಿ ಊಟ ಮುಗಿಸಿ ಇನ್ನೊಮ್ಮೆ ಹೋಗಿ. ಅರಮನೆಗಳ ಮೇಲಂತಸ್ತಿನಲ್ಲಿ ದೀಪ ಹೊತ್ತಿರುತ್ತದೆ, ಚಿತ್ರ ಬರೆದ ಚಾವಣಿಗಳು ಕೆಳಗಿನಿಂದಲೇ ಕಾಣುತ್ತವೆ. ಟಿಕೆಟ್ಟನ್ನು ಬಿಡಿಯಾಗಿ ಕೊಂಡರೆ ದುಬಾರಿ. ಎರಡು ಮೂರು ದಿನಗಳ ಪಾಸ್ ತೆಗೆದುಕೊಳ್ಳಿ.

ಗೊಂಡೋಲಾ ಬೇಕೇ? ಹಗಲಿನಲ್ಲಿ ಅರ್ಧ ಗಂಟೆಗೆ ನಿಗದಿಯಾದ ದರ 90 ಯೂರೊ. ಅದು ತಲೆಗಲ್ಲ, ದೋಣಿಗೆ. ನನ್ನನ್ನು ಕೇಳಿದರೆ ದಂಡ. ಚಿಕ್ಕಂದಿನ ಆಸೆ ಎಂದಿರಲ್ಲ, ಅದರ ಮುಂದೆ ನನ್ನ ಲೆಕ್ಕಾಚಾರ ನಡೆಯುವುದಿಲ್ಲ.

ವಾಸನೆ ಬೇಸಿಗೆಯ ಇಳಿತದ ಹೊತ್ತಿನಲ್ಲಿ ಕೆಲವು ಸಣ್ಣ ಕಾಲುವೆಗಳಲ್ಲಿ ಇರುತ್ತದೆ. ಏಪ್ರಿಲ್ ಅಥವಾ ಸೆಪ್ಟೆಂಬರ್ ಕೊನೆ ಒಳ್ಳೆಯದು. ಅಕ್ಟೋಬರ್‌ನಿಂದ ಜನವರಿಯವರೆಗೆ ಸಮುದ್ರ ಉಕ್ಕಿ ಊರೊಳಗೆ ನುಗ್ಗುವ ಕಾಲ. 2019ರ ನವೆಂಬರ್‌ನಲ್ಲಿ ನೀರು 187 ಸೆಂಟಿಮೀಟರ್ ಏರಿತ್ತು. 2020ರ ಅಕ್ಟೋಬರ್‌ನಿಂದ ಮೋಸೆ ಎಂಬ ತೇಲುಗೇಟುಗಳನ್ನು ಎತ್ತಿ ಸಮುದ್ರವನ್ನು ತಡೆಯುತ್ತಿದ್ದಾರೆ, ಮೊದಲಿನ ಭಯವಿಲ್ಲ. ವೀಸಾಕ್ಕೆ ಇಟಲಿಗೇ ಅರ್ಜಿ ಹಾಕಿ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಪ್ರಶ್ನೆ: ಹುಬ್ಬಳ್ಳಿಯ ಕಾಲೇಜು ಉಪನ್ಯಾಸಕ ನಾನು. ಯುರೋಪ್ ನನ್ನ ಜೇಬಿಗೆ ಎಟುಕುವುದಿಲ್ಲ. ದುಬೈ, ಸಿಂಗಪುರದ ಎತ್ತರದ ಕಟ್ಟಡಗಳಲ್ಲಿ ಆಸಕ್ತಿಯಿಲ್ಲ. ಹತ್ತಿರದಲ್ಲಿ ನಿಜಕ್ಕೂ ಸುಂದರವಾದ ಹಳೆಯ ನಗರ ಯಾವುದು?

ಉತ್ತರ: ಉಜ್ಬೇಕಿಸ್ತಾನದ ಸಮರ್‌ಕಂದ್. ದೆಹಲಿಯಿಂದ ತಾಷ್ಕೆಂಟ್‌ಗೆ ನೇರ ವಿಮಾನವಿದೆ. ಅಲ್ಲಿಂದ ಅಫ್ರೋಸಿಯೋಬ್ ಎಂಬ ವೇಗದ ರೈಲಿನಲ್ಲಿ ಎರಡು ಗಂಟೆಗೆ ತುಸು ಹೆಚ್ಚು. ಈ ರೈಲಿನ ಟಿಕೆಟ್ ಬೇಗ ಮುಗಿಯುತ್ತದೆ, ದಿನಾಂಕ ಖಚಿತವಾದ ಕೂಡಲೇ ಕಾದಿರಿಸಿ.

ಊರಿನ ಜೀವಾಳ ರೆಗಿಸ್ತಾನ್ ಚೌಕ. ಮೂರು ಕಡೆ ಮೂರು ಮದರಸಗಳು, ನೀಲಿ ಹೆಂಚಿನ ಹೊದಿಕೆ. ಪಶ್ಚಿಮಕ್ಕಿರುವುದು ಖಗೋಳ ಪಂಡಿತನೂ ಆಗಿದ್ದ ದೊರೆ ಉಲುಘ್ ಬೇಗ್ 1417ರಿಂದ 1420ರ ನಡುವೆ ಕಟ್ಟಿಸಿದ್ದು. ಅದು ಪೂರ್ವಕ್ಕೆ ಮುಖ ಮಾಡಿದೆ, ಬೆಳಗಿನ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಎದುರಿನ ಶೇರ್‌ದಾರ್ ಮದರಸ ಹದಿನೇಳನೆಯ ಶತಮಾನದ್ದು, ಬೆಳಗುವುದು ಸಂಜೆ ಬಿಸಿಲಿಗೆ. ಅದರ ಕಮಾನಿನ ಮೇಲೆ ಜಿಂಕೆಯನ್ನು ಅಟ್ಟಿಸಿಕೊಂಡು ಹೋಗುವ ಹುಲಿಗಳಿವೆ, ಹುಲಿಯ ಬೆನ್ನ ಮೇಲೆ ಮನುಷ್ಯಮುಖದ ಸೂರ್ಯ. ಮದರಸದ ಗೋಡೆಯಲ್ಲಿ ಇಂಥ ಚಿತ್ರ ಕಾಣುವುದು ಅಪರೂಪ. ಹೀಗಾಗಿ ಚೌಕಕ್ಕೆ ಎರಡು ಹೊತ್ತೂ ಹೋಗಬೇಕು. ಮಧ್ಯಾಹ್ನ ಹೋದರೆ ಬಣ್ಣ ಪೇಲವವಾಗಿ, ಫೋಟೊದಲ್ಲಿ ನೋಡಿದ್ದೇ ವಾಸಿ ಅನಿಸೀತು.

ಬೀಬಿ ಖಾನುಮ್ ಮಸೀದಿಗೂ ಹೋಗಿ. 1398ರಲ್ಲಿ ದೆಹಲಿಯನ್ನು ಸೂರೆ ಮಾಡಿ ಮರಳಿದ ತೈಮೂರ್ ಮರುವರ್ಷವೇ ಶುರು ಮಾಡಿಸಿದ ಕಟ್ಟಡವಿದು. ಕಲ್ಲು ಸಾಗಿಸಲು ಹಿಂದೂಸ್ತಾನದಿಂದ ತಂದ ಆನೆಗಳನ್ನು ಬಳಸಿದ್ದನ್ನು ಚರಿತ್ರಕಾರರು ಬರೆದಿಟ್ಟಿದ್ದಾರೆ. ನೀವು ನೋಡುವ ಗುಮ್ಮಟ, ಹೆಂಚುಗಳಲ್ಲಿ ಬಹುಪಾಲು ಇಪ್ಪತ್ತನೆಯ ಶತಮಾನದ ದುರಸ್ತಿ, ಕೆಲವೆಡೆ ತೀರಾ ಹೊಳಪು. ಹಳೆಯ ಹೆಂಚಿನ ಕುಸುರಿ ನೋಡಬೇಕಾದರೆ ಶಾಹಿ ಜಿಂದಾ ಎಂಬ ಗೋರಿಗಳ ಓಣಿಗೆ ಹೋಗಿ. ಮೆಟ್ಟಿಲೇರಿದ ಮೇಲೆ ಎರಡೂ ಬದಿಗೆ ನೀಲಿ ಬಾಗಿಲುವಾಡಗಳು ಎಷ್ಟು ಇಕ್ಕಟ್ಟಾಗಿ ನಿಂತಿವೆಯೆಂದರೆ ಹೆಂಚಿನ ಕೆತ್ತನೆಯನ್ನು ಮೂಗಿನ ತುದಿಯಲ್ಲಿಟ್ಟು ನೋಡಬಹುದು.

ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಸರಿಯಾದ ಕಾಲ. ಮಾಂಸ ತಿನ್ನದವರಾದರೆ ಅಲ್ಲಿನ ಪ್ರಸಿದ್ಧ ಪಲಾವಿನ ಆಸೆ ಬಿಡಿ. ಗುಂಡಗಿನ ದಪ್ಪ ರೊಟ್ಟಿ, ಟೊಮೆಟೊ ಈರುಳ್ಳಿ ಕೋಸಂಬರಿ, ಕುಂಬಳಕಾಯಿ ಸಮೋಸ, ಕರಬೂಜ ಇವೆ.

ಪ್ರಶ್ನೆ: ಚೆರ್ರಿ ಹೂವಿನ ಕಾಲದಲ್ಲಿ ಜಪಾನಿನ ಕ್ಯೋಟೊ ನೋಡಬೇಕು. ಸಸ್ಯಾಹಾರಿಗಳಿಗೆ ಕಷ್ಟವೇ?

ಉತ್ತರ: ಹೂವು ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ. ಕೋಣೆ ಈಗಲೇ ಕಾದಿರಿಸಿ. ಊಟದಲ್ಲಿ ಕಣ್ಣಿಗೆ ಬೀಳದ ತೊಡಕೆಂದರೆ ದಾಶಿ ಎಂಬ ಸಾರು. ಬರೀ ತರಕಾರಿ, ತೋಫು ಕಾಣುವ ತಟ್ಟೆಯಲ್ಲೂ ಒಣಮೀನಿನಿಂದ ತೆಗೆದ ಈ ಸಾರು ಸೇರಿರುತ್ತದೆ. ಬೌದ್ಧ ಮಠಗಳ ಶೋಜಿನ್ ಅಡುಗೆ ಮಾಡುವ ಕಡೆ ಆ ಅನುಮಾನವಿಲ್ಲ. ಫುಶಿಮಿ ಇನಾರಿ ದೇಗುಲದ ಕೇಸರಿ ಕಮಾನುಗಳ ದಾರಿ ದಿನವಿಡೀ ತೆರೆದಿರುತ್ತದೆ, ಶುಲ್ಕವಿಲ್ಲ. ಬೆಳಿಗ್ಗೆ ಆರಕ್ಕೆ ಮೊದಲು ಅಲ್ಲಿರಿ, ಎಂಟರ ಹೊತ್ತಿಗೆ ತಿಂಡಿಗೆ ಇಳಿದುಬನ್ನಿ.