ಮೆಚ್ಚಿದ್ದು ಚಿತ್ರವನ್ನೋ, ಬಾಲ್ಯವನ್ನೋ? ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಬಾಲ್ಯದಲ್ಲಿ ವಿಡಿಯೊ ಕ್ಯಾಸೆಟ್ ಸವೆಯುವಷ್ಟು ಬಾರಿ ನೋಡಿದ್ದ, ಜಾಕಿ ಚಾನ್ ನಾಯಕರಾಗಿರುವ ಕುಂಗ್ ಫೂ ಹಾಸ್ಯಚಿತ್ರ ‘ಡ್ರಂಕನ್ ಮಾಸ್ಟರ್’ ಅನ್ನು ಬಹಳ ವರ್ಷಗಳ ನಂತರ ಮಗಳೊಡನೆ ಕುಳಿತು ನೋಡಿದ್ದಾಗಿಯೂ, ಕಥೆ ತೀರಾ ತೆಳುವಾಗಿ, ತರಬೇತಿಯ ದೃಶ್ಯಗಳು ಅನಗತ್ಯವಾಗಿ ಎಳೆದಂತೆ ಕಂಡು ನಿರಾಶೆಯಾಯಿತೆಂದೂ ಬರೆದಿದ್ದೀರಿ. ಕುಡಿತವನ್ನೇ ಶಕ್ತಿಯ ಮೂಲವೆಂಬಂತೆ ತೋರಿಸುವ ಚಿತ್ರವನ್ನು ಮಗುವಿಗೆ ತೋರಿಸಿದ್ದು ಸರಿಯೇ ಎಂಬ ಅಳುಕೂ ನಿಮ್ಮನ್ನು ಕಾಡಿದೆ. ಕೊನೆಯಲ್ಲಿ ನೀವು ಕೇಳಿದ ಪ್ರಶ್ನೆಯೇ ನನಗೆ ಮುಖ್ಯವಾಗಿ ಕಂಡಿತು: ತಾನು ಅಷ್ಟೊಂದು ಮೆಚ್ಚಿದ್ದು ಆ ಚಿತ್ರವನ್ನೋ ಅಥವಾ ತನ್ನ ಬಾಲ್ಯವನ್ನೋ?

ಚಿತ್ರವನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಳೆದಂತೆ ಕಂಡವು ಎಂದು ನೀವು ಹೇಳುವ ಆ ತರಬೇತಿಯ ದೃಶ್ಯಗಳಲ್ಲೇ ಅದಕ್ಕೆ ಆಧಾರವಿದೆ.

ಈ ಚಿತ್ರ ಹಾಂಗ್‌ಕಾಂಗ್‌ನಲ್ಲಿ ತೆರೆಗೆ ಬಂದದ್ದು 1978ರಲ್ಲಿ. ಬ್ರೂಸ್ ಲೀ 1973ರಲ್ಲಿ ತೀರಿಕೊಂಡ ಮೇಲೆ ಅಲ್ಲಿನ ಚಿತ್ರೋದ್ಯಮ ಅವರ ಜಾಗಕ್ಕೆ ಇನ್ನೊಬ್ಬರನ್ನು ಹುಡುಕುತ್ತಿತ್ತು. ನಿರ್ಮಾಪಕ, ನಿರ್ದೇಶಕ ಲೋ ವೇ ಅವರು ಜಾಕಿ ಚಾನ್ ಅವರನ್ನು ಅದೇ ಅಚ್ಚಿನಲ್ಲಿ ಎರಕ ಹೊಯ್ಯಲು ಯತ್ನಿಸಿದರು. ಹುಬ್ಬು ಗಂಟಿಕ್ಕಿ ಸೇಡು ತೀರಿಸಿಕೊಳ್ಳುವ ಆ ಪಾತ್ರಗಳು ಅವರಿಗೆ ಒಗ್ಗಲಿಲ್ಲ. ಬೇರೊಂದು ಸಂಸ್ಥೆಗೆ ಎರವಲಾಗಿ ಹೋದಾಗ ಅವರಿಗೆ ಸಿಕ್ಕ ನಿರ್ದೇಶಕರು ಯುಯೆನ್ ವೂ-ಪಿಂಗ್. ಇಬ್ಬರೂ ಸೇರಿ ಒಂದೇ ವರ್ಷದಲ್ಲಿ ಮಾಡಿದ ಎರಡು ಚಿತ್ರಗಳಲ್ಲಿ ಇದು ಎರಡನೆಯದು. ನಾಯಕನಿಗೆ ಸಮರಕಲೆ ಕಲಿಸುವ ಕುಡುಕ ಗುರುವಾಗಿ ನಟಿಸಿದ ಯುಯೆನ್ ಸಿಯು-ಟಿಯೆನ್ ನಿರ್ದೇಶಕರ ತಂದೆ. ಚೀನಾದ ಸಾಂಪ್ರದಾಯಿಕ ರಂಗಕಲೆಯಾದ ಪೀಕಿಂಗ್ ಒಪೆರಾದಲ್ಲಿ ಪಳಗಿದ್ದ ಆ ಹಿರಿಯರ ಎದುರಿಗೆ, ಚಿಕ್ಕಂದಿನಲ್ಲೇ ಅದೇ ಕಲೆಯ ಕಠಿಣ ಶಾಲೆಗೆ ಸೇರಿ ವರ್ಷಗಟ್ಟಲೆ ಲಾಗ, ಕಸರತ್ತು, ಅಭಿನಯಗಳನ್ನು ಕಲಿತಿದ್ದ ಜಾಕಿ ಚಾನ್ ನಿಂತಿದ್ದರು. ಗುರುವಿನ ಕೈಯಲ್ಲಿ ಶಿಷ್ಯ ಪಡುವ ಪಾಡನ್ನು ಅವರು ಕೇವಲ ಕಲ್ಪಿಸಿಕೊಂಡು ನಟಿಸಬೇಕಿರಲಿಲ್ಲ.

ಒಂದೇ ಒಂದು ದೃಶ್ಯವನ್ನು ನೆನಪಿಸಿಕೊಳ್ಳಿ. ಶಿಷ್ಯ ಕಾಲುಗಳನ್ನು ಮೇಲೆ ಸಿಕ್ಕಿಸಿಕೊಂಡು ತಲೆಕೆಳಗಾಗಿ ಜೋತುಬಿದ್ದಿದ್ದಾನೆ. ಕೆಳಗೊಂದು ನೀರು ತುಂಬಿದ ಪಾತ್ರೆ, ಮೇಲೊಂದು ಖಾಲಿ ಪಾತ್ರೆ. ಕೈಯಲ್ಲಿರುವ ಪುಟ್ಟ ಬಟ್ಟಲುಗಳಲ್ಲಿ ನೀರು ಮೊಗೆದು, ಹೊಟ್ಟೆಯ ಬಲದಿಂದಲೇ ಮೈಯನ್ನು ಮೇಲಕ್ಕೆ ಮಡಚಿ, ಮೇಲಿನ ಪಾತ್ರೆಗೆ ಸುರಿದು, ಮತ್ತೆ ಕೆಳಕ್ಕೆ ಬಾಗಬೇಕು. ಇದು ನಗಿಸುವ ದೃಶ್ಯ. ಆದರೆ ಇಲ್ಲಿ ನಗಿಸುವುದಕ್ಕೆಂದು ಯಾರೂ ಏನೂ ಹೇಳುವುದಿಲ್ಲ. ಬಟ್ಟಲು ಎಷ್ಟು ಚಿಕ್ಕದು, ಪಾತ್ರೆ ಎಷ್ಟು ದೊಡ್ಡದು ಎಂಬ ಅಂತರವೇ ಹಾಸ್ಯ, ಮತ್ತು ಆ ಹೊಟ್ಟೆಯ ಸ್ನಾಯುಗಳು ನಿಜವಾಗಿಯೂ ಬಿಗಿಯುತ್ತಿವೆ ಎಂಬುದು ಕಣ್ಣಿಗೆ ಕಾಣುವುದರಿಂದಲೇ ಆ ಹಾಸ್ಯಕ್ಕೆ ತೂಕ. ಮಕ್ಕಳಿಗೆ ಇದು ಯಾರೂ ವಿವರಿಸದೆಯೇ ತಿಳಿಯುತ್ತದೆ. ನಿಮಗೂ ಅಂದು ತಿಳಿದಿತ್ತು. ಕಥೆ ಮುಂದೆ ಸಾಗಲಿ ಎಂದು ಕಾಯುವ ದೊಡ್ಡವರ ಅಭ್ಯಾಸದಿಂದ ನೋಡಿದಾಗ ಮಾತ್ರ ಅದು ಎಳೆದಂತೆ ತೋರುತ್ತದೆ. ಈ ಚಿತ್ರದಲ್ಲಿ ಕಥೆ ಸಾಗುವುದೇ ಆ ಮೈಯಲ್ಲಿ.

ಕಥೆ ತೆಳು ಎಂಬ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ನಾಯಕ ವಾಂಗ್ ಫೇ-ಹುಂಗ್ ಕಲ್ಪನೆಯ ವ್ಯಕ್ತಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿ, ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ವೈದ್ಯರೂ ಸಮರಕಲೆಯ ಗುರುವೂ ಆಗಿ ಹೆಸರಾದವರು. 1949ರಿಂದ ಮೊದಲ್ಗೊಂಡು ಕ್ವಾನ್ ಟಾಕ್-ಹಿಂಗ್ ಎಂಬ ನಟರು ಎಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರನ್ನು ಗಂಭೀರ, ನೀತಿವಂತ ಗುರುವಾಗಿ ತೋರಿಸಿದ್ದರು. ಅಂಥ ಪೂಜ್ಯ ಪುರುಷನನ್ನು ತಂದೆಯ ಮಾತು ಕೇಳದ, ಊಟ ಮಾಡಿ ಹಣ ಕೊಡದೆ ಜಾರಿಕೊಳ್ಳಲು ನೋಡುವ ತುಂಟ ಹುಡುಗನನ್ನಾಗಿ ತಂದು ನಿಲ್ಲಿಸಿದ್ದು ಹಾಂಗ್‌ಕಾಂಗ್‌ನ ಪ್ರೇಕ್ಷಕರಿಗೆ ಎಷ್ಟು ಹೊಸದಾಗಿ ಕಂಡಿರಬೇಕೆಂದು ಯೋಚಿಸಿ. ಈ ಹಿನ್ನೆಲೆ ಬಾಲ್ಯದಲ್ಲಿ ನಮಗೆ ಯಾರಿಗೂ ತಿಳಿದಿರಲಿಲ್ಲ. ಮರಳಿ ನೋಡುವವರಿಗೆ ಇದೊಂದು ಹೆಚ್ಚಿನ ಲಾಭ.

ಚಿತ್ರದ ಕಥಾ ಹಂದರವೂ ನೀವು ಭಾವಿಸಿದಷ್ಟು ಸಡಿಲವಲ್ಲ. ಆರಂಭದಲ್ಲೇ ನಾಯಕ ಒಬ್ಬ ಹೆಂಗಸಿನ ಕೈಯಲ್ಲಿ ಚೆನ್ನಾಗಿ ಪೆಟ್ಟು ತಿನ್ನುತ್ತಾನೆ. ಆಕೆ ತನ್ನ ಸ್ವಂತ ಅತ್ತೆಯೆಂದು ಆಮೇಲೆ ತಿಳಿದು ನಾಚುತ್ತಾನೆ. ಮುಂದೆ ಗುರು ಚೀನೀ ಪುರಾಣದ ಎಂಟು ಅಮರ ದೇವತೆಗಳ ಹೆಸರಿನ ಎಂಟು ಪಟ್ಟುಗಳನ್ನು ಕಲಿಸುವಾಗ, ಅವುಗಳಲ್ಲಿ ಸ್ತ್ರೀದೇವತೆಯ ಪಟ್ಟು ಹೆಂಗಸರದೆಂದು ಮೂಗು ಮುರಿದು ಅಭ್ಯಾಸ ಮಾಡುವುದಿಲ್ಲ. ಕೊನೆಯ ಕಾಳಗದಲ್ಲಿ, ಖಳನಾಗಿ ನಟಿಸಿದ ಹ್ವಾಂಗ್ ಜಂಗ್-ಲೀ ಅವರ ಆ ಭಯಂಕರ ಒದೆತಗಳ ಮುಂದೆ ಕಲಿತ ಏಳೂ ಪಟ್ಟುಗಳು ಸಾಲದೆ ಹೋದಾಗ, ಬೇಕಾಗುವುದು ತಾನು ತಿರಸ್ಕರಿಸಿದ ಆ ಎಂಟನೆಯದೇ. ಕಲಿಯದೆ ಬಿಟ್ಟದ್ದನ್ನು ಗುರುವಿನ ಮುಂದೆ ಒಪ್ಪಿಕೊಂಡು, ಬಳುಕುವ ನಡಿಗೆಯನ್ನೂ ವಯ್ಯಾರದ ಕೈಸನ್ನೆಗಳನ್ನೂ ಅಲ್ಲೇ ಹೊಸೆದು ಹೋರಾಡುತ್ತಾನೆ. ಗೆಲ್ಲುವುದು ಅದರಿಂದಲೇ. ಆ ಹಾಸ್ಯದಲ್ಲಿ ಒರಟುತನವಿದೆ, ಕೆಲವು ಪೋಷಕ ಪಾತ್ರಗಳ ರೂಪವನ್ನೇ ಗೇಲಿ ಮಾಡುವ ಅಭಿರುಚಿಹೀನತೆಯೂ ಇದೆ. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಮೊದಲ ಪೆಟ್ಟಿಗೂ ಕೊನೆಯ ಗೆಲುವಿಗೂ ಇಷ್ಟು ಅಚ್ಚುಕಟ್ಟಾದ ನಂಟು ಬೆಸೆದಿರುವ ಕಥೆಯನ್ನು ತೆಳು ಎನ್ನಲು ಮನಸ್ಸು ಬರುವುದಿಲ್ಲ.

ನಿಮ್ಮ ನಿರಾಶೆಗೆ ನೀವು ನೋಡಿದ ಪ್ರತಿಯೂ ಕಾರಣವಾಗಿರಬಹುದೆಂದು ನನ್ನ ಅನುಮಾನ. ಈ ಚಿತ್ರವನ್ನು ತೆಗೆದದ್ದು ಅಗಲವಾದ ಚೌಕಟ್ಟಿನಲ್ಲಿ. ಇಬ್ಬರ ಪೂರ್ತಿ ದೇಹಗಳೂ ಅವರ ಸುತ್ತಲಿನ ನೆಲವೂ ಒಟ್ಟಿಗೆ ಕಾಣಬೇಕು, ಹಲವಾರು ಏಟು-ತಡೆಗಳು ನಡುವೆ ಕತ್ತರಿ ಬೀಳದೆ ಒಂದೇ ಓಘದಲ್ಲಿ ಹರಿಯಬೇಕು ಎಂಬುದು ಅದರ ಉದ್ದೇಶ. ಹಳೆಯ ಟೀವಿಗಳಿಗೆಂದು ಮಾಡಿದ ಕ್ಯಾಸೆಟ್‌ಗಳಲ್ಲಿ ಎರಡೂ ಅಂಚುಗಳನ್ನು ಕತ್ತರಿಸುತ್ತಿದ್ದುದರಿಂದ ಹೊಡೆಯುವವನು ಕಂಡರೆ ಹೊಡೆಸಿಕೊಳ್ಳುವವನು ಮಾಯವಾಗುತ್ತಿದ್ದ. ಅಂಥ ಪ್ರತಿಗಳು ಇಂದಿಗೂ ಹರಿದಾಡುತ್ತಿವೆ. ಇಂಗ್ಲಿಷ್ ಡಬ್ಬಿಂಗ್‌ನ ಕೃತಕ ದನಿ ನಿಮಗೆ ಕಿರಿಕಿರಿ ಎನಿಸಿದ್ದು ಸಹಜವೇ. ಅಂದಿನ ಹಾಂಗ್‌ಕಾಂಗ್ ಚಿತ್ರಗಳಲ್ಲಿ ಚಿತ್ರೀಕರಣದ ವೇಳೆ ಧ್ವನಿಯನ್ನು ಮುದ್ರಿಸುವ ರೂಢಿಯೇ ಇರಲಿಲ್ಲವಾದ್ದರಿಂದ ಅಲ್ಲಿನ ಭಾಷೆಯಾದ ಕ್ಯಾಂಟನೀಸ್‌ನ ಮಾತುಗಳೂ ಆಮೇಲೆ ಸೇರಿಸಿದವೇ. ಆದರೂ ಹಾಸ್ಯದ ಲಯ ಅವುಗಳಲ್ಲಿ ಹೆಚ್ಚು ಉಳಿದಿರುತ್ತದೆ.

ಕುಡಿತದ ವಿಷಯದಲ್ಲಿ ನಿಮ್ಮ ಅಳುಕು ನ್ಯಾಯವಾದದ್ದು. ಅಮಲೇರಿದವನ ತೂರಾಟವನ್ನು ಅನುಕರಿಸಿ ಎದುರಾಳಿಯನ್ನು ಮರುಳುಗೊಳಿಸುವ ಪಟ್ಟುಗಳಿಗೆ ಹೆಂಡ ಬೇಕಿಲ್ಲ. ತೂರಾಡಿದಂತೆ ಕಾಣುತ್ತಲೇ ಸಮತೋಲ ಉಳಿಸಿಕೊಳ್ಳಲು ಪೂರ್ಣ ಎಚ್ಚರವೇ ಬೇಕು. ಈ ಚಿತ್ರ ಅದನ್ನು ಹೇಳುವ ಗೋಜಿಗೆ ಹೋಗದೆ ನಾಯಕನಿಗೆ ಕುಡಿಸಿಯೇ ಗೆಲ್ಲಿಸುತ್ತದೆ. 1994ರ ಎರಡನೆಯ ‘ಡ್ರಂಕನ್ ಮಾಸ್ಟರ್’ನಲ್ಲಿ ದೋಣಿಯನ್ನು ತೇಲಿಸುವ ನೀರೇ ಮುಳುಗಿಸಲೂ ಬಲ್ಲದು ಎಂದು ತಂದೆ ಎಚ್ಚರಿಸುತ್ತಾನೆ. ಇಲ್ಲಿ ಅಂಥ ಮಾತಿಲ್ಲವಾದ್ದರಿಂದ ಅದನ್ನು ನೀವೇ ಮಗಳಿಗೆ ಹೇಳಬೇಕಾಗುತ್ತದೆ, ಮತ್ತು ಆ ತೂರಾಟದ ಹಿಂದೆ ಎಷ್ಟು ಹಿಡಿತವಿದೆಯೆಂದು ತೋರಿಸಲು ಕೊನೆಯ ಕಾಳಗದಲ್ಲಿ ಜಾಕಿ ಚಾನ್ ಅವರ ಪಾದಗಳನ್ನು ಮಾತ್ರ ಗಮನಿಸುವಂತೆ ಹೇಳಿದರೆ ಸಾಕು.

ಇದಾದ ಮೇಲೆ ಅವಳಿಗೆ ಇನ್ನೂ ನೋಡುವ ಆಸೆಯಿದ್ದರೆ, 1983ರ ‘ಪ್ರಾಜೆಕ್ಟ್ ಎ’ ತೋರಿಸಿ. ಜಾಕಿ ಚಾನ್ ತಾವೇ ನಿರ್ದೇಶಿಸಿದ ಆ ಚಿತ್ರದಲ್ಲಿ ಅವರು ಗಡಿಯಾರ ಗೋಪುರದಿಂದ ಬಟ್ಟೆಯ ಚಪ್ಪರಗಳನ್ನು ಹರಿದುಕೊಂಡು ನೆಲಕ್ಕೆ ಬೀಳುತ್ತಾರೆ. ಆ ಗೋಪುರದ ದೃಶ್ಯಕ್ಕೆ ಪ್ರೇರಣೆ ಹೆರಾಲ್ಡ್ ಲಾಯ್ಡ್ 1923ರ ಮೂಕಿ ಚಿತ್ರವೊಂದರಲ್ಲಿ ಗಡಿಯಾರದ ಮುಳ್ಳಿಗೆ ಜೋತುಬಿದ್ದ ದೃಶ್ಯ. ಅದನ್ನೂ ಜೊತೆಗೇ ತೋರಿಸಿದರೆ, ಮಾತಿಲ್ಲದೆ ಮೈಯಿಂದಲೇ ನಗಿಸುವ ಈ ವಿದ್ಯೆ ಎಲ್ಲಿಂದ ಎಲ್ಲಿಗೆ ಹರಿದು ಬಂದಿದೆ ಎಂಬುದು ಅವಳಿಗೇ ಹೊಳೆಯುತ್ತದೆ.

— ಸಂಪಾದಕ